ವಿಯರ್ಡ್: ಅರ್ಥ ಮತ್ತು ಮೂಲದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷಿನಲ್ಲಿ ವಿಚಿತ್ರವಾದದ್ದನ್ನು ಸೂಚಿಸುವ ಹತ್ತಾರು ಗುಣವಾಚಕಗಳಿದ್ದರೂ ಇಂದು ಎಲ್ಲಕ್ಕಿಂತ ಸಲೀಸಾಗಿ ಬಾಯಿಗೆ ಬರುವುದು ವಿಯರ್ಡ್. ನಗರದ ಕನ್ನಡದಲ್ಲಂತೂ ಅದು ಅರ್ಧ ಮನೆಯ ಪದವೇ ಆಗಿಬಿಟ್ಟಿದೆ. ಆದರೆ ತನ್ನ ಆಯುಷ್ಯದ ಬಹುಪಾಲು ಈ ಪದ ಗುಣವಾಚಕವಾಗಿರಲಿಲ್ಲ, ವಿಚಿತ್ರಕ್ಕೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅದು ವಿಧಿಯ ಹೆಸರಾಗಿತ್ತು. ವಿಧಿಯು ವಿಚಿತ್ರವಾದ ಬಗೆಯನ್ನು ಕುರಿತು ವಿದ್ಯಾರ್ಥಿಗಳು, ಅನುವಾದಕರು ಮತ್ತು ಪದಗಳ ಹಿನ್ನೆಲೆಯಲ್ಲಿ ಆಸಕ್ತಿಯಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಇಂದಿನ ಇಂಗ್ಲಿಷಿನಲ್ಲಿ ವಿಯರ್ಡ್ ಎಂದರೆ ನಿಖರವಾಗಿ ಏನು?

ನಿರೀಕ್ಷೆಗೆ ಹೊಂದದ, ಕಾರಣ ತಿಳಿಯದ, ಸ್ವಲ್ಪ ಕಸಿವಿಸಿ ಹುಟ್ಟಿಸುವ ವಸ್ತು, ವ್ಯಕ್ತಿ ಅಥವಾ ಸಂಗತಿಗೆ ಈ ಪದವನ್ನು ಬಳಸುತ್ತಾರೆ. ಇದರಲ್ಲಿ ಎರಡು ಪದರಗಳಿವೆ. ಹಳೆಯದು ಅಲೌಕಿಕವಾದದ್ದರ ಸುಳಿವು ಕೊಡುವ ಅರ್ಥ: ನಿರ್ಜನ ಮನೆಯೊಳಗಿಂದ ರಾತ್ರಿ ಕೇಳಿಬರುವ ಸದ್ದನ್ನು ವಿಯರ್ಡ್ ಎಂದರೆ ಕೇಳುವವರ ಮೈ ಸ್ವಲ್ಪವಾದರೂ ಜುಂ ಎನ್ನಬೇಕು. ಹೊಸದು ಸಾಧಾರಣ ಅರ್ಥ: ಪರಿಚಿತರೊಬ್ಬರು ಫೋನ್ ಎತ್ತಲಿಲ್ಲ, ಕಂಪ್ಯೂಟರ್ ತಾನಾಗಿಯೇ ಆರಿ ಹೊತ್ತಿಕೊಂಡಿತು, ತಿಂಡಿಯ ರುಚಿ ಎಂದಿನಂತಿಲ್ಲ ಎನ್ನುವುದಕ್ಕೆಲ್ಲ ಇದೇ ಪದ ಸಾಕಾಗುತ್ತದೆ. ಈ ಎರಡನೆಯ ಅರ್ಥವೇ ಇಂದು ಮೊದಲನೆಯದನ್ನು ಬಹುಮಟ್ಟಿಗೆ ನುಂಗಿಹಾಕಿದೆ. ಬಳಕೆ ಹೆಚ್ಚಿದಷ್ಟೂ ಪದದ ಕಸುವು ಕಡಿಮೆಯಾಗಿದೆ ಎಂದೇ ನನ್ನ ಅಭಿಪ್ರಾಯ.

ಈ ಪದ ಎಲ್ಲಿಂದ ಬಂತು?

ಹಳೆಯ ಇಂಗ್ಲಿಷಿನ ವಿರ್ಡ್ ಎಂಬ ನಾಮಪದದಿಂದ ಬಂತು. ಅದರ ಸ್ವರವನ್ನು ಕನ್ನಡ ಲಿಪಿಯಲ್ಲಿ ಸರಿಯಾಗಿ ತೋರಿಸಲಾಗದು. ‘ಇ’ ಎನ್ನುತ್ತಾ ತುಟಿಗಳನ್ನು ‘ಉ’ ಎನ್ನುವಂತೆ ಗುಂಡಾಗಿಸಿದರೆ ಹೊರಡುವ ಸ್ವರ ಅದು. ವಿರ್ಡ್ ಎಂದರೆ ವಿಧಿ, ಆಗಬೇಕಾದದ್ದು, ಆಗಿಹೋದದ್ದು, ಕೆಲವೆಡೆ ಬರಿಯ ‘ಘಟನೆ’ ಎಂದೂ ಅರ್ಥ. ‘ಆಗು’ ಎಂಬ ಅರ್ಥದ ವೆಯೊರ್ಥನ್ ಎಂಬ ಕ್ರಿಯಾಪದದಿಂದ ಇದು ಹುಟ್ಟಿದೆ. ಆ ಕ್ರಿಯಾಪದ ಇಂಗ್ಲಿಷಿನಲ್ಲಿ ಅಳಿದುಹೋಗಿ ಅದರ ಜಾಗಕ್ಕೆ ಬಿಕಮ್ ಬಂದಿತು. ಜರ್ಮನ್ ಭಾಷೆಯಲ್ಲಿ ವೇರ್ಡನ್ ಆಗಿ, ಡಚ್ಚಿನಲ್ಲಿ ವೊರ್ಡನ್ ಆಗಿ ಅದು ದಿನಬಳಕೆಯಲ್ಲಿ ಇಂದಿಗೂ ಇದೆ.

ಕ್ರಿಯಾಪದದಲ್ಲಿ ‘ಥ’ಕಾರ, ನಾಮಪದದಲ್ಲಿ ‘ಡ’ಕಾರ ಏಕೆ ಎಂದು ಸೂಕ್ಷ್ಮವಾಗಿ ಓದುವವರು ಕೇಳುವುದುಂಟು. ಇದು ಯಾದೃಚ್ಛಿಕವಲ್ಲ. ಮೂಲ ಭಾಷೆಯಲ್ಲಿ ಸ್ವರಭಾರ ಪದದ ಯಾವ ಅಕ್ಷರದ ಮೇಲೆ ಬೀಳುತ್ತಿತ್ತು ಎಂಬುದನ್ನು ಅನುಸರಿಸಿ ಇಂಗ್ಲಿಷ್, ಜರ್ಮನ್, ಡಚ್ ಮುಂತಾದವು ಸೇರಿದ ಜರ್ಮ್ಯಾನಿಕ್ ಭಾಷೆಗಳಲ್ಲಿ ವ್ಯಂಜನ ಬದಲಾಗುತ್ತದೆ ಎಂಬುದನ್ನು ಡೆನ್ಮಾರ್ಕಿನ ವಿದ್ವಾಂಸ ಕಾರ್ಲ್ ವರ್ನರ್ 1870ರ ದಶಕದಲ್ಲಿ ತೋರಿಸಿಕೊಟ್ಟರು. ಆ ಮೂಲ ಸ್ವರಭಾರದ ನೆಲೆಯನ್ನು ಗುರುತಿಸಲು ಅವರಿಗೆ ನೆರವಾದವುಗಳಲ್ಲಿ ಮುಖ್ಯವಾದದ್ದು ವೇದಕಾಲದ ಸಂಸ್ಕೃತ.

ಸಂಸ್ಕೃತದ ‘ವೃತ್’ ಧಾತುವಿಗೂ ವಿಯರ್ಡ್ ಪದಕ್ಕೂ ನಂಟಿದೆ ಎನ್ನುತ್ತಾರೆ. ನಿಜವೇ?

ನಿಜ. ಇವೆರಡೂ ಇಂಡೋ-ಯುರೋಪಿಯನ್ ಮೂಲಭಾಷೆಯ ‘ತಿರುಗು’ ಎಂಬ ಅರ್ಥದ ಒಂದೇ ಧಾತುವಿನಿಂದ ಬಂದವು. ಸಂಸ್ಕೃತದ ವರ್ತತೇ ಎಂಬುದಕ್ಕೆ ತಿರುಗುತ್ತದೆ, ನಡೆಯುತ್ತದೆ, ಇರುತ್ತದೆ ಎಂಬ ಅರ್ಥಗಳೆಲ್ಲ ಇವೆ. ಲ್ಯಾಟಿನ್ನಿನ ವೆರ್ತೆರೆ ಎಂಬ ಕ್ರಿಯಾಪದವೂ ಇದೇ ಕುಲದ್ದು. ಅದರಿಂದ ಇಂಗ್ಲಿಷಿಗೆ ವರ್ಶನ್, ರಿವರ್ಸ್, ಕನ್ವರ್ಟ್ ಮುಂತಾದ ಪದಗಳು ಬಂದವು. ಕನ್ನಡಿಗರು ದಿನವೂ ಬಳಸುವ ವರ್ತನೆ, ಪರಿವರ್ತನೆ, ವೃತ್ತ, ವೃತ್ತಿ, ನಿವೃತ್ತಿ, ಪುನರಾವರ್ತನೆ ಎಲ್ಲವೂ ವಿಯರ್ಡ್ ಪದದ ದೂರದ ನೆಂಟರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಂಗ್ಲಿಷ್ ಪದ ಸಂಸ್ಕೃತದಿಂದ ಎರವಲು ಬಂತು ಎಂದು ಇದರ ಅರ್ಥವಲ್ಲ. ಸಾಮಾಜಿಕ ಜಾಲತಾಣಗಳಲ್ಲಿ ಓಡಾಡುವ ಅಂತಹ ಪಟ್ಟಿಗಳು ಅಕ್ಕತಂಗಿಯರನ್ನು ತಾಯಿಮಗಳೆಂದು ಪರಿಚಯಿಸುತ್ತವೆ. ಎರಡು ಭಾಷೆಗಳೂ ಒಂದೇ ಧಾತುವನ್ನು ಬೇರೆಬೇರೆಯಾಗಿ ಪಡೆದುಕೊಂಡು, ಬೇರೆಬೇರೆಯಾಗಿ ಬೆಳೆಸಿಕೊಂಡವು. ‘ತಿರುಗು’ ಎಂಬುದರಿಂದ ‘ಹೀಗೆ ತಿರುಗಿ ಬಂತು, ಹೀಗಾಯಿತು’ ಎಂಬ ಅರ್ಥಕ್ಕೆ ಎರಡೂ ಕಡೆ ಪದ ಸರಿದಿರುವುದು ಮಾತ್ರ ಗಮನಾರ್ಹ.

ನಾರ್ಸ್ (ಹಳೆಯ ಸ್ಕ್ಯಾಂಡಿನೇವಿಯಾದ) ಪುರಾಣದ ವಿಧಿಕನ್ಯೆಯರಿಗೂ ಇದಕ್ಕೂ ಸಂಬಂಧವೇನು?

ಐಸ್‌ಲ್ಯಾಂಡಿನ ಹಳೆಯ ಕಾವ್ಯ ವೋಲುಸ್ಪಾದಲ್ಲಿ ಲೋಕವೃಕ್ಷದ ಬುಡದ ಕೊಳದ ಬಳಿಯಿಂದ ಬರುವ ಮೂವರು ಕನ್ಯೆಯರ ಮಾತಿದೆ. ಅವರು ಮನುಷ್ಯರ ಆಯುಷ್ಯವನ್ನು ನಿಗದಿಪಡಿಸುವವರು. ಅವರ ಹೆಸರುಗಳು ಉರ್ದ್, ವೆರ್ದಂದಿ ಮತ್ತು ಸ್ಕುಲ್ಡ್. ಮೊದಲನೆಯ ಹೆಸರು ಇಂಗ್ಲಿಷಿನ ವಿರ್ಡ್ ಪದದ ಖಾಸಾ ಸೋದರಿ. ಎರಡನೆಯದು ‘ಆಗು’ ಎಂಬ ಅದೇ ಕ್ರಿಯಾಪದದ ವರ್ತಮಾನ ಕೃದಂತ, ಅಂದರೆ ‘ಆಗುತ್ತಿರುವವಳು’. ಸಂಸ್ಕೃತದ ‘ವರ್ತಮಾನ’ ಎಂಬ ಪದವೂ ವೃತ್ ಧಾತುವಿನ ವರ್ತಮಾನ ಕೃದಂತವೇ ಆಗಿರುವುದರಿಂದ, ವೆರ್ದಂದಿಯ ಹೆಸರನ್ನು ಕನ್ನಡದಲ್ಲಿ ‘ವರ್ತಮಾನೆ’ ಎಂದು ಕರೆದರೆ ಅರ್ಥವೂ ಧಾತುವೂ ಎರಡೂ ಉಳಿಯುತ್ತವೆ. ಮೂರನೆಯ ಸ್ಕುಲ್ಡ್ ಬೇರೆ ಧಾತುವಿನವಳು. ಅವಳ ಹೆಸರು ‘ಆಗಲೇಬೇಕಾದದ್ದು’ ಮತ್ತು ‘ಋಣ’ ಎಂಬ ಎರಡು ಅರ್ಥಗಳನ್ನೂ ಹೊತ್ತಿದೆ.

ಹಾಗಾದರೆ ಹಳೆಯ ಇಂಗ್ಲಿಷರಿಗೂ ವಿರ್ಡ್ ಒಬ್ಬ ದೇವತೆಯಾಗಿದ್ದಳೇ?

ಹೀಗೆಂದು ಬಹಳ ಕಡೆ ಬರೆದಿರುತ್ತಾರೆ, ಆದರೆ ಅದಕ್ಕೆ ಆಧಾರ ತೆಳುವಾಗಿದೆ. ಹಳೆಯ ಇಂಗ್ಲಿಷಿನ ವೀರಕಾವ್ಯ ಬೇವುಲ್ಫ್‌ನ 455ನೆಯ ಸಾಲನ್ನೇ ನೋಡಬಹುದು. ಗ್ರೆಂಡೆಲ್ ಎಂಬ ರಾಕ್ಷಸನೊಡನೆ ಕಾದಾಡಲು ಹೊರಟ ನಾಯಕನು, ತಾನು ಸತ್ತರೆ ತನ್ನ ಕವಚವನ್ನು ಒಡೆಯನಿಗೆ ಕಳುಹಿಸಿಕೊಡಬೇಕೆಂದು ಕೇಳಿಕೊಂಡು, ವಿಧಿಯು ಯಾವಾಗಲೂ ತಾನು ಹೋಗಬೇಕಾದ ಹಾದಿಯಲ್ಲೇ ಹೋಗುತ್ತದೆ ಎಂದು ಮಾತು ಮುಗಿಸುತ್ತಾನೆ. ಮೂಲದಲ್ಲಿ ವಿಧಿಗೆ ‘ಅವಳು’ ಎಂಬ ಸರ್ವನಾಮವಿದೆ. ಇದನ್ನು ಹಿಡಿದು ಅವಳೊಬ್ಬ ದೇವಿ ಎಂದವರಿದ್ದಾರೆ. ಆದರೆ ಹಳೆಯ ಇಂಗ್ಲಿಷಿನಲ್ಲಿ ಸಂಸ್ಕೃತದಲ್ಲಿರುವಂತೆಯೇ ಪ್ರತಿ ನಾಮಪದಕ್ಕೂ ವ್ಯಾಕರಣದ ಲಿಂಗವಿತ್ತು. ವಿರ್ಡ್ ಸ್ತ್ರೀಲಿಂಗದ ಪದವಾದ್ದರಿಂದ ಸರ್ವನಾಮವೂ ಸ್ತ್ರೀಲಿಂಗದಲ್ಲಿ ಬಂದಿದೆ. ಅರ್ಥವನ್ನು ನೋಡಿ ಲಿಂಗ ನಿರ್ಧರಿಸುವ ಕನ್ನಡದ ಓದುಗರಿಗೆ ‘ಅವಳು’ ಎಂದೊಡನೆ ಒಬ್ಬ ಹೆಣ್ಣು ಕಣ್ಮುಂದೆ ನಿಲ್ಲುವುದು ಸಹಜ, ಆದರೆ ಇಲ್ಲಿ ಆ ಚಿತ್ರ ದಾರಿ ತಪ್ಪಿಸುತ್ತದೆ.

ನಮಗೆ ಉಳಿದಿರುವ ಹಳೆಯ ಇಂಗ್ಲಿಷ್ ಬರಹಗಳನ್ನು ಕೈಬರಹದಲ್ಲಿ ಇಳಿಸಿದವರು ಕ್ರೈಸ್ತರು ಎಂಬುದನ್ನೂ ಮರೆಯಬಾರದು. ರೋಮನ್ ತತ್ತ್ವಜ್ಞಾನಿ ಬೊಯೀಥಿಯಸ್‌ನ ಲ್ಯಾಟಿನ್ ಗ್ರಂಥಕ್ಕೆ ಆಲ್ಫ್ರೆಡ್ ದೊರೆಯ ಹೆಸರಿನಲ್ಲಿ ಬಂದ ಹಳೆಯ ಇಂಗ್ಲಿಷ್ ಅನುವಾದದಲ್ಲಿ, ದೇವರ ಮನಸ್ಸಿನಲ್ಲಿ ಇರುವಾಗ ಅದು ದೈವಸಂಕಲ್ಪ, ಲೋಕದಲ್ಲಿ ನಡೆದಾಗ ಅದೇ ವಿರ್ಡ್ ಎಂಬ ವಿವರಣೆ ಇದೆ. ಇಲ್ಲಿ ವಿರ್ಡ್ ದೇವರಿಗೆ ಅಧೀನ, ಎದುರಾಳಿಯಲ್ಲ. ಮತ್ತೊಂದೆಡೆ, ಲ್ಯಾಟಿನ್ ಪದಗಳಿಗೆ ಹಳೆಯ ಇಂಗ್ಲಿಷ್ ಅರ್ಥ ಕೊಡುವ ಪದಪಟ್ಟಿಗಳಲ್ಲಿ, ಬದುಕಿನ ದಾರವನ್ನು ನೂತು ಕತ್ತರಿಸುವ ರೋಮನ್ನರ ಮೂವರು ವಿಧಿದೇವತೆಯರ ಹೆಸರಿನ ಎದುರಿಗೆ ವಿರ್ಡ್ ಪದದ ಬಹುವಚನವನ್ನು ಬರೆದಿದ್ದಾರೆ. ಹೀಗಾಗಿ ವಿಧಿಯನ್ನು ಸ್ತ್ರೀಯರ ಗುಂಪಾಗಿ ಕಲ್ಪಿಸಿಕೊಳ್ಳುವುದು ಅವರಿಗೆ ಅಪರಿಚಿತವಾಗಿರಲಿಲ್ಲ ಎನ್ನಬಹುದು. ಅದಕ್ಕಿಂತ ಮುಂದೆ ಹೋಗಿ ಗುಡಿ, ಪೂಜೆ, ದೇವಿ ಎಂದೆಲ್ಲ ಹೇಳುವುದು 19ನೆಯ ಶತಮಾನದ ಉತ್ಸಾಹ.

ಹಳೆಯ ಇಂಗ್ಲಿಷಿನಿಂದ ಶೇಕ್ಸ್‌ಪಿಯರ್‌ವರೆಗೆ ಈ ಪದ ಎಲ್ಲಿತ್ತು?

ದಕ್ಷಿಣ ಇಂಗ್ಲೆಂಡಿನಲ್ಲಿ ಮೆಲ್ಲಗೆ ಮರೆಯಾಗುತ್ತಿತ್ತು. 1066ರ ನಾರ್ಮನ್ ವಿಜಯದ ತರುವಾಯ ಫ್ರೆಂಚ್ ಪದಗಳು ನುಗ್ಗಿ ಬಂದು, ವಿಧಿಗೆ ಫೇಟ್, ಡೆಸ್ಟಿನಿ, ಫಾರ್ಚೂನ್ ಎಂಬ ಮೂರು ಹೆಸರುಗಳು ಕಾಲಕ್ರಮದಲ್ಲಿ ನೆಲೆಯೂರಿದವು. 14ನೆಯ ಶತಮಾನದ ಕೊನೆಯಲ್ಲಿ ಬರೆದ ಚಾಸರ್ ಕವಿಯಲ್ಲಿ ಈ ಪದ ಬರುತ್ತದೆ, ಆದರೆ ಒಂದೆಡೆ ಆತ ‘ನಾವು ಡೆಸ್ಟಿನಿ ಎನ್ನುವ ವಿರ್ಡ್‌ಗಳು’ ಎಂದು ಬಿಡಿಸಿ ಹೇಳಿದ್ದಾನೆ. ಲಂಡನ್ನಿನ ಓದುಗರಿಗೆ ತಾಯ್ನುಡಿಯ ಪದವನ್ನು ಫ್ರೆಂಚಿನಿಂದ ಬಂದ ಪದದಿಂದ ವಿವರಿಸಬೇಕಾದ ಸ್ಥಿತಿ ಅದು.

ಉತ್ತರದಲ್ಲಿ, ಅದರಲ್ಲೂ ಸ್ಕಾಟ್ಲೆಂಡಿನಲ್ಲಿ, ಪದ ಗಟ್ಟಿಯಾಗಿ ಉಳಿಯಿತು. ಅಲ್ಲಿ ‘ವಿಯರ್ಡ್ ಸಿಸ್ಟರ್ಸ್’ ಎಂಬ ಜೋಡಿಪದ ರೂಢಿಗೆ ಬಂತು. ಅಂದರೆ ‘ವಿಧಿಯ ಸೋದರಿಯರು’. ಸುಮಾರು 1420ರಲ್ಲಿ ಆಂಡ್ರೂ ಆಫ್ ವಿಂಟೌನ್ ಬರೆದ ಸ್ಕಾಟ್ಲೆಂಡಿನ ಪದ್ಯಚರಿತ್ರೆಯಲ್ಲಿ ಮ್ಯಾಕ್‌ಬೆತ್ ಕನಸಿನಲ್ಲಿ ಕಾಣುವ ಮೂವರು ಹೆಂಗಸರಿಗೆ ಈ ಹೆಸರಿದೆ. ವರ್ಜಿಲನ ಮಹಾಕಾವ್ಯವನ್ನು 1513ರಲ್ಲಿ ಸ್ಕಾಟ್ಸ್ ಭಾಷೆಗೆ ತಂದ ಗ್ಯಾವಿನ್ ಡಗ್ಲಸ್ ರೋಮನ್ ವಿಧಿದೇವತೆಯರನ್ನು ಹೀಗೆಯೇ ಕರೆದ. ಗಮನಿಸಬೇಕಾದದ್ದು ಇಷ್ಟು: ಈ ಜೋಡಿಪದದಲ್ಲಿ ವಿಯರ್ಡ್ ಎಂಬುದು ಸೋದರಿಯರ ರೂಪವನ್ನಾಗಲಿ ನಡತೆಯನ್ನಾಗಲಿ ಬಣ್ಣಿಸುತ್ತಿರಲಿಲ್ಲ, ಅವರ ಕೆಲಸವೇನೆಂದು ಹೇಳುತ್ತಿತ್ತು.

ಮ್ಯಾಕ್‌ಬೆತ್ ನಾಟಕದ ಪಾತ್ರವೇನು?

ಪದದ ಇಡೀ ಚರಿತ್ರೆ ತಿರುಗಿಕೊಂಡಿರುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು.

ಶೇಕ್ಸ್‌ಪಿಯರ್ ಈ ಕಥೆಯನ್ನು ತೆಗೆದುಕೊಂಡದ್ದು ಹಾಲಿನ್‌ಶೆಡ್ ಎಂಬಾತನ ಹೆಸರಿನಲ್ಲಿ 1577ರಲ್ಲಿ ಮೊದಲು ಅಚ್ಚಾಗಿ 1587ರಲ್ಲಿ ವಿಸ್ತರಿಸಿ ಬಂದ ಚರಿತ್ರೆಯ ಗ್ರಂಥದಿಂದ. ಅದರಲ್ಲಿ ಮ್ಯಾಕ್‌ಬೆತ್ ಮತ್ತು ಅವನ ಸಂಗಾತಿ ಬ್ಯಾಂಕೋ ಹೋಗುತ್ತಿರುವಾಗ ಹಳೆಯ ಲೋಕದ ಜೀವಿಗಳಂತಿದ್ದ, ವಿಚಿತ್ರವೂ ಒರಟೂ ಆದ ಉಡುಪಿನ ಮೂವರು ಹೆಂಗಸರು ಎದುರಾಗುತ್ತಾರೆ. ಉಡುಪಿನ ವಿಚಿತ್ರವನ್ನು ಹೇಳಲು ಅಲ್ಲಿ ಬಳಸಿರುವ ಪದ ಸ್ಟ್ರೇಂಜ್. ಮುಂದೆ ಜನರು ಆ ಹೆಂಗಸರನ್ನು ಏನೆಂದು ಬಗೆದರು ಎನ್ನುವಾಗ ಅವರನ್ನು ವಿಯರ್ಡ್ ಸಿಸ್ಟರ್ಸ್ ಎಂದು ಕರೆದು, ಅಂದರೆ ವಿಧಿಯ ದೇವತೆಯರು, ಇಲ್ಲವೇ ಯಾರೋ ಯಕ್ಷಿಯರು ಎಂದು ಲೇಖಕ ವಿವರಣೆ ಕೊಡುತ್ತಾನೆ. ಒಂದೇ ಪ್ರಸಂಗದಲ್ಲಿ ಎರಡೂ ಪದಗಳಿದ್ದು, ಎರಡಕ್ಕೂ ಬೇರೆಬೇರೆ ಕೆಲಸವಿದೆ. 1577ರ ಮುದ್ರಣದಲ್ಲಿ ಈ ಭೇಟಿಯ ಮರದಚ್ಚಿನ ಚಿತ್ರವೂ ಇದೆ. ಅದರಲ್ಲಿ ಆ ಮೂವರು ಅಂದಿನ ಒಳ್ಳೆಯ ಉಡುಪು ತೊಟ್ಟ ಗಣ್ಯ ಸ್ತ್ರೀಯರಂತೆಯೇ ಇದ್ದಾರೆ, ಮುಖದಲ್ಲಿ ಗಡ್ಡವೂ ಇಲ್ಲ, ಬಳಿಯಲ್ಲಿ ಕಡಾಯಿಯೂ ಇಲ್ಲ.

ಸುಮಾರು 1606ರಲ್ಲಿ ಶೇಕ್ಸ್‌ಪಿಯರ್ ನಾಟಕ ಬರೆಯುವಾಗ ಇಂಗ್ಲೆಂಡಿನ ಸಿಂಹಾಸನದಲ್ಲಿದ್ದವನು 1603ರಲ್ಲಿ ಪಟ್ಟಕ್ಕೆ ಬಂದ ಸ್ಕಾಟ್ಲೆಂಡಿನ ಜೇಮ್ಸ್ ದೊರೆ. ಮಾಟಗಾತಿಯರ ವಿರುದ್ಧ 1597ರಲ್ಲಿ ತಾನೇ ಒಂದು ಗ್ರಂಥ ಬರೆದು ಪ್ರಕಟಿಸಿದ್ದವನು. ನಾಟಕದ ಸೋದರಿಯರು ಹಾಲಿನ್‌ಶೆಡ್‌ನ ಗಣ್ಯೆಯರಾಗಿ ಉಳಿಯಲಿಲ್ಲ. ಮುರುಟಿದ ದೇಹ, ಕಾಡು ಉಡುಪು, ತುಟಿಗೊತ್ತಿದ ಒಣಕಲು ಬೆರಳು, ಹೆಂಗಸರೆನ್ನೋಣವೆಂದರೆ ಮುಖದ ಮೇಲೆ ಗಡ್ಡ. ಈ ಭೂಮಿಯವರಂತೆಯೇ ಇಲ್ಲವೆಂದು ಬ್ಯಾಂಕೋ ಬೆಚ್ಚುತ್ತಾನೆ. ಆದರೂ ಅವರು ತಮ್ಮನ್ನು ತಾವು ಕರೆದುಕೊಳ್ಳುವುದು ವಿಯರ್ಡ್ ಸಿಸ್ಟರ್ಸ್ ಎಂದೇ. ಹೀಗೆ ವಿಧಿಯ ಹೆಸರು ವಿಕಾರದ ಆಕೃತಿಗೆ ಅಂಟಿಕೊಂಡಿತು. ಹಳೆಯ ಅರ್ಥ ತಿಳಿಯದ ಪ್ರೇಕ್ಷಕನು ಆ ಪದವನ್ನು ಕೇಳಿ ಏನೆಂದುಕೊಂಡಾನು? ವಿಯರ್ಡ್ ಎಂದರೆ ಇವರು ಹೇಗೆ ಕಾಣುತ್ತಾರೋ ಹಾಗೆ ಎಂದುಕೊಂಡಾನು.

ಕನ್ನಡಕ್ಕೂ ಈ ನಾಟಕ ಬೇಗನೆ ಬಂತು, ಎಂ. ಎಲ್. ಶ್ರೀಕಂಠೇಶಗೌಡರು 19ನೆಯ ಶತಮಾನದ ಕೊನೆಯಲ್ಲೇ ಇದನ್ನು ‘ಪ್ರತಾಪರುದ್ರದೇವ’ ಎಂದು ರೂಪಾಂತರಿಸಿದರು, ಮುಂದೆ ಡಿ. ವಿ. ಗುಂಡಪ್ಪನವರು ಅನುವಾದಿಸಿದರು. ಈ ಮೂವರನ್ನು ಕನ್ನಡದಲ್ಲಿ ‘ಮಾಟಗಾತಿಯರು’ ಎಂದರೆ ಪಾತ್ರದ ಒಂದು ಮುಖ ಮಾತ್ರ ಸಿಗುತ್ತದೆ. ಮಗು ಹುಟ್ಟಿದ ಐದನೆಯ ರಾತ್ರಿ ಶೆಟಿಗೆವ್ವ ಬಂದು ಹಣೆಬರಹ ಬರೆಯುತ್ತಾಳೆಂಬ ನಂಬಿಕೆಯಿರುವ ಉತ್ತರ ಕರ್ನಾಟಕದ ಓದುಗರಿಗೆ, ಹೆಣ್ಣು ರೂಪದ ವಿಧಿಯನ್ನು ಬೇರೆಯಾಗಿ ವಿವರಿಸಬೇಕಾಗಿಯೇ ಇಲ್ಲ.

ನಾಟಕದ ಮೊದಲ ಮುದ್ರಣದಲ್ಲಿ ವಿಯರ್ಡ್ ಎಂಬ ಪದವೇ ಇಲ್ಲವಂತೆ, ಹೌದೇ?

ಹೌದು, ಆ ಕಾಗುಣಿತದಲ್ಲಿ ಇಲ್ಲ. ಈ ನಾಟಕ ಮೊದಲು ಅಚ್ಚಾದದ್ದು ಶೇಕ್ಸ್‌ಪಿಯರ್ ತೀರಿಕೊಂಡ 7 ವರ್ಷಗಳ ಮೇಲೆ, ಅವನ ನಾಟಕಗಳ 1623ರ ಸಂಪುಟದಲ್ಲಿ. ಅದರಲ್ಲಿ ಪದ ಒಟ್ಟು 6 ಸಲ ಬರುತ್ತದೆ. 3 ಕಡೆ ‘ವೇವರ್ಡ್’ ಎಂದೂ 3 ಕಡೆ ‘ವೇಯರ್ಡ್’ ಎಂದೂ ಓದಬಹುದಾದ ಕಾಗುಣಿತವಿದೆ. ವೇವರ್ಡ್ ಎಂಬುದು ಇಂಗ್ಲಿಷಿನಲ್ಲಿ ಬೇರೆಯೇ ಪದ. ಹಟಮಾರಿ, ಹೇಳಿದ ದಾರಿಯಲ್ಲಿ ನಡೆಯದವನು ಎಂದು ಅದರ ಅರ್ಥ. ಅಚ್ಚುಮೊಳೆ ಜೋಡಿಸಿದವರಿಗೆ ಅಥವಾ ನಕಲು ಮಾಡಿದವರಿಗೆ ಸ್ಕಾಟ್ಲೆಂಡಿನ ಪದ ಪರಿಚಯವಿಲ್ಲದೆ ಪರಿಚಿತ ಪದದ ರೂಪವನ್ನು ಕೊಟ್ಟಿರಬಹುದು. ಎರಡೂ ಅರ್ಥಗಳು ಒಟ್ಟಿಗೆ ಕೇಳಿಸಲಿ ಎಂಬುದೇ ಕವಿಯ ಉದ್ದೇಶ ಎನ್ನುವ ವಿದ್ವಾಂಸರೂ ಇದ್ದಾರೆ. 1733ರಲ್ಲಿ ಲೂಯಿಸ್ ಥಿಯೊಬಾಲ್ಡ್ ಎಂಬ ಸಂಪಾದಕನು ಹಾಲಿನ್‌ಶೆಡ್‌ನ ಗ್ರಂಥದೊಂದಿಗೆ ಹೋಲಿಸಿ ನೋಡಿ, ಇದು ವಿಧಿಯ ಅರ್ಥದ ವಿಯರ್ಡ್ ಆಗಿರಬೇಕೆಂದು ತಿದ್ದಿದ. ಅಂದಿನಿಂದ ಇಂದಿನವರೆಗೆ ಹೆಚ್ಚಿನ ಮುದ್ರಣಗಳು ಅವನ ತಿದ್ದುಪಡಿಯನ್ನೇ ಅನುಸರಿಸುತ್ತಿವೆ.

ಉಚ್ಚಾರಣೆಯ ಸಾಕ್ಷ್ಯ ಛಂದಸ್ಸಿನಲ್ಲಿದೆ. ಸೋದರಿಯರು ಕೈಕೈ ಹಿಡಿದು ಸುತ್ತುತ್ತಾ ಹೇಳುವ ಸಾಲನ್ನು ತಾಳ ಹಾಕಿ ಓದಿ ನೋಡಬಹುದು: ‘ದ ವೇ-ವರ್ಡ್ ಸಿಸ್-ಟರ್ಸ್ ಹ್ಯಾಂಡ್ ಇನ್ ಹ್ಯಾಂಡ್’. ನಾಲ್ಕು ಹೊಡೆತಗಳು ಸಮನಾಗಿ ಬೀಳಬೇಕಾದರೆ ಆ ಪದಕ್ಕೆ ಎರಡು ಅಕ್ಷರಗಳ ಉದ್ದ ಬೇಕು. ಇಂದಿನಂತೆ ಒಂದೇ ಉಸಿರಿಗೆ ಮುಗಿಸಿದರೆ ಮೊದಲ ಎರಡು ಹೊಡೆತಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಆದ್ದರಿಂದ ಕಾಗುಣಿತ ಏನೇ ಇದ್ದರೂ ರಂಗದ ಮೇಲೆ ಅದನ್ನು ಬಿಡಿಸಿ ಎರಡು ತುಂಡಾಗಿ ಹೇಳುತ್ತಿದ್ದರು ಎಂದು ತಿಳಿಯಬಹುದು.

ಹಾಗಾದರೆ ‘ವಿಚಿತ್ರ’ ಎಂಬ ಅರ್ಥ ಖಚಿತವಾಗಿ ಯಾವಾಗ ಬಂತು?

19ನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ. ಶೇಕ್ಸ್‌ಪಿಯರ್‌ನನ್ನು ಬಾಯಿಪಾಠವೆಂಬಷ್ಟು ಓದಿಕೊಂಡಿದ್ದ ರೊಮ್ಯಾಂಟಿಕ್ ಕವಿಗಳು ಈ ಗುಣವಾಚಕವನ್ನು ಸೋದರಿಯರಿಂದ ಬಿಡಿಸಿಕೊಂಡು ಬೇರೆ ನಾಮಪದಗಳಿಗೆ ಜೋಡಿಸತೊಡಗಿದರು. 1816ರಲ್ಲಿ ಪ್ರಕಟವಾದ ‘ಅಲಾಸ್ಟರ್’ ಕವಿತೆಯಲ್ಲಿ ಶೆಲ್ಲಿ, ರಾತ್ರಿಯು ತನ್ನ ನಿಶ್ಶಬ್ದದಿಂದಲೇ ಮಾಡುವ ಸದ್ದಿಗೆ ಈ ವಿಶೇಷಣವನ್ನು ಕೊಟ್ಟ. 1820ರ ‘ಲೇಮಿಯಾ’ದಲ್ಲಿ ಕೀಟ್ಸ್, ಅಪ್ಸರೆಯೊಬ್ಬಳು ತನ್ನ ಕೂದಲನ್ನು ಅದ್ದುವ ಪಾಕಗಳಿಗೆ ಅದೇ ವಿಶೇಷಣ ಬಳಸಿದ. ಕೀಟ್ಸ್‌ನ ಪಾಕಗಳಲ್ಲಿ ಇನ್ನೂ ಮಂತ್ರಶಕ್ತಿ ಇದೆ. ಶೆಲ್ಲಿಯ ಸದ್ದಿನಲ್ಲಿ ವಿಧಿಯೂ ಇಲ್ಲ, ಮಾಟವೂ ಇಲ್ಲ, ಅರಿವಿಗೆ ನಿಲುಕದ ಒಂದು ಅನುಭವವಷ್ಟೇ ಇದೆ. ಶತಮಾನ ಮುಂದುವರಿದಂತೆ ಆ ಅನುಭವವೂ ತೆಳುವಾಗಿ, ಕೊನೆಗೆ ‘ಮಾಮೂಲಿನಂತಿಲ್ಲ’ ಎಂಬಷ್ಟೇ ಉಳಿಯಿತು.

ಸೋದರಿಯರ ವೃತ್ತಿಯನ್ನು ಹೇಳುತ್ತಿದ್ದ ಪದ ಅವರ ಚಹರೆಯನ್ನು ಹೇಳುವ ಪದವಾದದ್ದು ಒಂದು ತಪ್ಪುಗ್ರಹಿಕೆಯ ಫಲ. ಭಾಷೆಯಲ್ಲಿ ತಪ್ಪುಗ್ರಹಿಕೆ ನೂರು ವರ್ಷ ನಡೆದರೆ ಅದನ್ನು ಅರ್ಥವೆಂದೇ ಕರೆಯಬೇಕಾಗುತ್ತದೆ.

ಮೂಲ ಅರ್ಥವೇ ನಿಜವಾದ ಅರ್ಥವಲ್ಲವೇ? ‘ವಿಯರ್ಡ್ ಎಂದರೆ ವಿಧಿಯನ್ನು ಆಳುವವನು’ ಎಂದು ಕೆಲವೆಡೆ ಓದಿದ್ದೇವೆ.

ಒಬ್ಬರನ್ನು ವಿಯರ್ಡ್ ಎಂದು ಹೀಯಾಳಿಸಿದಾಗ, ‘ಮೂಲದಲ್ಲಿ ಅದಕ್ಕೆ ವಿಧಿಯನ್ನು ಆಳುವವನೆಂಬ ಅರ್ಥವಿದೆ, ಆದ್ದರಿಂದ ಹೆಮ್ಮೆಪಡಿ’ ಎಂಬ ಸಮಾಧಾನದ ಪೋಸ್ಟರುಗಳು ಬಹಳ ಓಡಾಡುತ್ತವೆ. ಮಧ್ಯಕಾಲದ ಗುಣವಾಚಕಕ್ಕೆ ‘ವಿಧಿಯನ್ನು ನಿಯಂತ್ರಿಸುವ ಶಕ್ತಿಯುಳ್ಳ’ ಎಂಬ ಅರ್ಥ ಇದ್ದದ್ದು ನಿಜವೇ. ಆದರೆ ಪದದ ಇಂದಿನ ಅರ್ಥವನ್ನು ನಿರ್ಧರಿಸುವುದು ಇಂದಿನ ಬಳಕೆ. ‘ವಿಚಿತ್ರ’ ಎಂಬ ಸಂಸ್ಕೃತ ಪದಕ್ಕೆ ಬಣ್ಣಬಣ್ಣದ, ಬಗೆಬಗೆಯ, ಬೆರಗು ಹುಟ್ಟಿಸುವ ಎಂಬ ಅರ್ಥಗಳಿದ್ದವು. 7ನೆಯ ಶತಮಾನದ ಪಲ್ಲವ ದೊರೆ ಮಹೇಂದ್ರವರ್ಮನು ‘ವಿಚಿತ್ರಚಿತ್ತ’ ಎಂಬುದನ್ನು ಬಿರುದಾಗಿ ಶಾಸನದಲ್ಲಿ ಕೆತ್ತಿಸಿಕೊಂಡಿದ್ದಾನೆ. ಇಂದು ಯಾರನ್ನಾದರೂ ‘ನಿಮ್ಮದು ವಿಚಿತ್ರ ಮನಸ್ಸು’ ಎಂದರೆ ಅವರು ಆ ದೊರೆಯನ್ನು ನೆನೆದು ಸಂತೋಷಪಡುವುದಿಲ್ಲ.

ಸ್ಟ್ರೇಂಜ್, ಆಡ್, ಈರಿ, ಅನ್‌ಕ್ಯಾನಿ, ಬಿಜಾರ್, ಪೆಕ್ಯೂಲಿಯರ್: ಇವಕ್ಕೂ ವಿಯರ್ಡ್‌ಗೂ ಏನು ವ್ಯತ್ಯಾಸ?

ಹುಟ್ಟಿನ ಹಿನ್ನೆಲೆಯನ್ನು ನೋಡಿದರೆ ವ್ಯತ್ಯಾಸಗಳು ತಕ್ಕಮಟ್ಟಿಗೆ ಸ್ಪಷ್ಟವಾಗುತ್ತವೆ. ಸ್ಟ್ರೇಂಜ್ ಲ್ಯಾಟಿನ್ನಿನ ‘ಹೊರಗಿನದು’ ಎಂಬ ಪದದಿಂದ ಹಳೆಯ ಫ್ರೆಂಚಿನ ಮೂಲಕ ಬಂತು. ಅಪರಿಚಿತವಾದದ್ದೆಲ್ಲ ಸ್ಟ್ರೇಂಜ್, ಅದರಲ್ಲಿ ಭಯ ಇರಲೇಬೇಕೆಂದಿಲ್ಲ. ಆಡ್ ನಾರ್ಸ್ ಭಾಷೆಯ ‘ಮೊನೆ, ತ್ರಿಕೋನ’ ಎಂಬ ಪದದಿಂದ ಬಂದು ಜೋಡಿಗೆ ಸೇರದೆ ಉಳಿದ ಮೂರನೆಯದು ಎಂಬ ಅರ್ಥ ಪಡೆಯಿತು. ಬೆಸಸಂಖ್ಯೆಗೂ ಗುಂಪಿಗೆ ಹೊಂದದವರಿಗೂ ಇಂಗ್ಲಿಷಿನಲ್ಲಿ ಒಂದೇ ಪದವಿರುವುದು ಇದರಿಂದಲೇ. ಈರಿ ಉತ್ತರದ ನುಡಿಯ ಪದ, ಮೊದಲಿಗೆ ‘ಅಂಜುವ’ ಎಂಬ ಅರ್ಥವಿದ್ದು ಆಮೇಲೆ ‘ಅಂಜಿಸುವ’ ಎಂದಾಯಿತು. ಅನ್‌ಕ್ಯಾನಿ ಕೂಡ ಸ್ಕಾಟ್ಲೆಂಡಿನಿಂದಲೇ ಬಂತು. ಬಲ್ಲೆ ಎನ್ನುವ ಅರ್ಥದ ಕ್ಯಾನ್ ಅದರೊಳಗಿದೆ. ಬಿಜಾರ್ ಇಟಾಲಿಯನ್ನಿನ ‘ಮುಂಗೋಪಿ’ ಎಂಬ ಪದದಿಂದ ಫ್ರೆಂಚಿಗೆ ಹೋಗಿ ಇಂಗ್ಲಿಷಿಗೆ ಬಂತು. ಪೆಕ್ಯೂಲಿಯರ್ ಪದದ ಮೂಲ ಲ್ಯಾಟಿನ್ನಿನ ‘ದನಕರು’; ದನಕರುವೇ ಸ್ವಂತ ಆಸ್ತಿಯಾಗಿದ್ದ ಕಾಲದಲ್ಲಿ ‘ಸ್ವಂತದ್ದು’ ಎಂದಾಗಿ, ಅನಂತರ ‘ಅವನಿಗೇ ವಿಶಿಷ್ಟವಾದದ್ದು’ ಎಂದಾಯಿತು. ಆ ಲ್ಯಾಟಿನ್ ಪದವೂ ಸಂಸ್ಕೃತದ ‘ಪಶು’ವೂ ಸಂಬಂಧಿಗಳು.

ಬಳಕೆಯಲ್ಲಿ ಇವುಗಳ ಗಡಿಗಳು ಬೆರೆತುಹೋಗಿವೆ. ಔಪಚಾರಿಕ ಬರಹದಲ್ಲಿ ಸ್ಟ್ರೇಂಜ್ ಅಥವಾ ಆಡ್ ಸುರಕ್ಷಿತ. ವಿಯರ್ಡ್ ಮಾತಿನ ಸಲಿಗೆಗೆ ಸೇರಿದ್ದು. ಕಚೇರಿಯ ಪತ್ರದಲ್ಲಿ ಎದುರಿನವರ ಮನವಿಯನ್ನು ವಿಯರ್ಡ್ ಎಂದರೆ ಅವರು ನೊಂದುಕೊಳ್ಳುವುದು ಖಂಡಿತ.

ಕನ್ನಡಕ್ಕೆ ಅನುವಾದಿಸುವಾಗ ಯಾವ ಪದ ಬಳಸಬೇಕು?

ಒಂದೇ ಪದ ಎಲ್ಲ ಕಡೆಗೂ ಒಪ್ಪುವುದಿಲ್ಲ. ಎಂಜಿನ್‌ನಿಂದ ಬರುವ ಸದ್ದಿಗೆ ‘ವಿಚಿತ್ರ’ ಸರಿ. ವೈದ್ಯರ ಮುಂದೆ ಕುಳಿತು ಹೇಳಿಕೊಳ್ಳುವ ವಿಯರ್ಡ್ ಫೀಲಿಂಗ್‌ಗೆ ‘ವಿಚಿತ್ರ ಭಾವನೆ’ ಎಂದರೆ ಕೃತಕವಾಗುತ್ತದೆ. ‘ಏನೋ ಒಂಥರಾ ಆಗುತ್ತಿದೆ’ ಎಂಬುದೇ ನಮ್ಮ ಮಾತು. ಅರ್ಥದ ವ್ಯಾಪ್ತಿಯಲ್ಲಿ ಇಂದಿನ ವಿಯರ್ಡ್ ಪದಕ್ಕೆ ‘ಒಂಥರಾ’ ಎಂಬುದರಷ್ಟು ಹತ್ತಿರದ ಕನ್ನಡ ಪದ ಬೇರೊಂದಿಲ್ಲ, ಆದರೆ ಅದು ಗ್ರಾಂಥಿಕ ಗದ್ಯಕ್ಕೆ ಒಗ್ಗುವುದಿಲ್ಲ. ರೂಪ ಅಥವಾ ಲಕ್ಷಣ ತಪ್ಪಿದ್ದಕ್ಕೆ ‘ವಿಲಕ್ಷಣ’, ವ್ಯಕ್ತಿಯ ಸ್ವಭಾವಕ್ಕೆ ಸಂದರ್ಭ ನೋಡಿ ‘ವಿಕ್ಷಿಪ್ತ’ ಅಥವಾ ‘ತಿಕ್ಕಲು’, ಮೈ ನವಿರೇಳಿಸುವ ಕಥೆಗೆ ‘ನಿಗೂಢ’ ಒಪ್ಪುತ್ತವೆ. 1800ಕ್ಕಿಂತ ಹಿಂದಿನ ಕೃತಿಯಲ್ಲಿ ಈ ಪದ ಕಂಡರೆ ಮಾತ್ರ ಮೊದಲು ‘ವಿಧಿ’ಯನ್ನು ಇಟ್ಟು ನೋಡಿ, ಹೊಂದದಿದ್ದರೆ ಬೇರೆಯದನ್ನು ಹುಡುಕಬೇಕು.

ಕಾಗುಣಿತದಲ್ಲಿ ‘ಇ’ ಮೊದಲೋ ‘ಐ’ ಮೊದಲೋ?

ಡಬ್ಲ್ಯೂ, ಇ, ಐ, ಆರ್, ಡಿ. ಶಾಲೆಯಲ್ಲಿ ಕಲಿಸುವ ‘ಸಿ ಅಕ್ಷರದ ನಂತರ ಬಿಟ್ಟರೆ ಉಳಿದೆಡೆ ಇ ಅಕ್ಷರಕ್ಕಿಂತ ಐ ಮೊದಲು’ ಎಂಬ ಸೂತ್ರವನ್ನು ಇದು ಪಾಲಿಸುವುದಿಲ್ಲ. ಸೀಝ್, ಫಾರಿನ್, ಲೀಷರ್, ಪ್ರೋಟೀನ್ ಕೂಡ ಪಾಲಿಸುವುದಿಲ್ಲ. ದೀರ್ಘ ಸ್ವರವನ್ನು ಹೀಗೆ ಬರೆಯುವುದು ಸ್ಕಾಟ್ಸ್ ಬರವಣಿಗೆಯ ರೂಢಿ, ಪದದ ಜೊತೆಗೆ ಆ ರೂಢಿಯೂ ದಕ್ಷಿಣಕ್ಕೆ ಬಂತು.

‘ವಿಯರ್ಡ್ ಫಿಕ್ಷನ್’ ಎಂಬ ಸಾಹಿತ್ಯ ಪ್ರಕಾರ ಯಾವುದು?

ದೆವ್ವದ ಕಥೆ, ವಿಜ್ಞಾನ ಕಥೆ, ಭಯಾನಕ ಕಥೆ ಈ ಮೂರರ ಗಡಿಯಲ್ಲಿ ನಿಲ್ಲುವ ಬರವಣಿಗೆಗೆ ಈ ಹೆಸರಿದೆ. 1923ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ವಿಯರ್ಡ್ ಟೇಲ್ಸ್’ ಎಂಬ ಅಗ್ಗದ ಬೆಲೆಯ ಮಾಸಪತ್ರಿಕೆ ಇದನ್ನು ಜನಪ್ರಿಯಗೊಳಿಸಿತು, ಎಚ್. ಪಿ. ಲವ್‌ಕ್ರಾಫ್ಟ್ ಅದರ ಪ್ರಮುಖ ಲೇಖಕ. ಈ ಕಥೆಗಳಲ್ಲಿ ಭಯಕ್ಕೆ ಕಾರಣ ಒಂದು ದೆವ್ವವೋ ಕೊಲೆಗಾರನೋ ಆಗಿರದೆ, ಲೋಕದ ನಿಯಮಗಳೇ ನಾವು ತಿಳಿದಂತಿಲ್ಲ ಎಂಬ ಅರಿವಾಗಿರುತ್ತದೆ. ಪದದ ಹಳೆಯ ಕಸುವು ಇಂದಿಗೂ ಉಳಿದಿರುವ ಕೆಲವೇ ಜಾಗಗಳಲ್ಲಿ ಇದೂ ಒಂದು.

ಒಬ್ಬರನ್ನು ವಿಯರ್ಡ್ ಎನ್ನುವುದು ಬೈಗುಳವೇ?

ಹೇಳುವವರನ್ನು, ಹೇಳುವ ದನಿಯನ್ನು ಅವಲಂಬಿಸಿದೆ. 20ನೆಯ ಶತಮಾನದ ನಡುವಿನಲ್ಲಿ ಬಳಕೆಗೆ ಬಂದ ‘ವಿಯರ್ಡೋ’ ಮಾತ್ರ ಹೆಚ್ಚಾಗಿ ಬೈಗುಳವೇ. ಇನ್ನೊಂದೆಡೆ ಟೆಕ್ಸಾಸ್‌ನ ಆಸ್ಟಿನ್ ನಗರದವರು ‘ಆಸ್ಟಿನ್ ವಿಯರ್ಡ್ ಆಗಿಯೇ ಇರಲಿ’ ಎಂಬ ಘೋಷಣೆಯನ್ನು 2000ದಿಂದೀಚೆಗೆ ಟೀ ಶರ್ಟುಗಳ ಮೇಲೆ ಹೆಮ್ಮೆಯಿಂದ ಹೊತ್ತಿದ್ದಾರೆ. ದೊಡ್ಡ ಸರಣಿ ಅಂಗಡಿಗಳೆದುರು ಊರಿನ ಸಣ್ಣ ಅಂಗಡಿಗಳನ್ನು ಉಳಿಸಿಕೊಳ್ಳುವವರ ಘೋಷಣೆಯೂ ಅದೇ ಆಯಿತು. 2024ರ ಜುಲೈನಲ್ಲಿ ಮಿನ್ನೆಸೋಟ ರಾಜ್ಯದ ಗವರ್ನರ್ ಟಿಮ್ ವಾಲ್ಜ್ ಎದುರು ಪಕ್ಷದ ನಾಯಕರನ್ನು ಟಿವಿ ಸಂದರ್ಶನದಲ್ಲಿ ವಿಯರ್ಡ್ ಎಂದು ಕರೆದದ್ದು ಕೆಲವೇ ದಿನಗಳಲ್ಲಿ ಅವರ ಇಡೀ ಪಕ್ಷದ ಮಾತಾಯಿತು, ಆಗಸ್ಟಿನಲ್ಲಿ ಅವರೇ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾದರು. ಸುಳ್ಳುಗಾರ, ಅಪಾಯಕಾರಿ ಎಂಬ ಬಿರುಸಾದ ಪದಗಳಿಗಿಂತ ಈ ಸಣ್ಣ ಪದ ಹೆಚ್ಚು ಚುಚ್ಚಿತು ಎಂಬುದು ಆಗ ಎಲ್ಲರೂ ಗಮನಿಸಿದ ಸಂಗತಿ. ನವೆಂಬರಿನ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶವನ್ನು ಅದು ಬದಲಿಸಲಿಲ್ಲ.

ಮನಶ್ಶಾಸ್ತ್ರದಲ್ಲಿ ‘ವಿಯರ್ಡ್ ಜನರು’ ಎಂದರೆ ಯಾರು?

ಇದು ಬೇರೆಯೇ ಸಂಗತಿ. ಪಾಶ್ಚಾತ್ಯ, ವಿದ್ಯಾವಂತ, ಕೈಗಾರೀಕೃತ, ಶ್ರೀಮಂತ, ಪ್ರಜಾಸತ್ತಾತ್ಮಕ ಎಂಬ ಅರ್ಥದ ಐದು ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಜೋಡಿಸಿದರೆ ಇದೇ ಪದವಾಗುತ್ತದೆ. ಜೋಸೆಫ್ ಹೆನ್ರಿಕ್, ಸ್ಟೀವನ್ ಹೈನ್ ಮತ್ತು ಆರಾ ನೊರೆನ್‌ಜಾಯನ್ ಎಂಬ ವಿಜ್ಞಾನಿಗಳು 2010ರ ಪ್ರಬಂಧವೊಂದರಲ್ಲಿ ಇದನ್ನು ಬಳಕೆಗೆ ತಂದರು. ಪ್ರಮುಖ ಮನಶ್ಶಾಸ್ತ್ರ ಪತ್ರಿಕೆಗಳ ಅಧ್ಯಯನಗಳಲ್ಲಿ ಪಾಲ್ಗೊಂಡವರಲ್ಲಿ ಶೇ. 96ರಷ್ಟು ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು, ಆದರೆ ಆ ದೇಶಗಳಲ್ಲಿರುವುದು ಜಗತ್ತಿನ ಜನಸಂಖ್ಯೆಯ ಶೇ. 12 ಮಾತ್ರ ಎಂಬ ಲೆಕ್ಕವನ್ನು ಅವರು ಮುಂದಿಟ್ಟರು. ಮನುಷ್ಯ ಸ್ವಭಾವವೆಂದು ಪಠ್ಯಪುಸ್ತಕಗಳು ಹೇಳುವ ಎಷ್ಟೋ ಸಂಗತಿಗಳು ಈ ಸಣ್ಣ ಗುಂಪಿನ ಸ್ವಭಾವವಷ್ಟೇ ಆಗಿರಬಹುದು, ಮತ್ತು ಈ ಗುಂಪು ಅನೇಕ ವಿಷಯಗಳಲ್ಲಿ ಜಗತ್ತಿನ ಉಳಿದವರಿಗಿಂತ ಭಿನ್ನ ಎಂಬುದು ಅವರ ವಾದ. ಶ್ಲೇಷೆ ಉದ್ದೇಶಪೂರ್ವಕವಾದದ್ದು.

ವಿಧಿ ಎಂಬ ಅರ್ಥದಲ್ಲಿ ಇಂದೂ ಈ ಪದ ಬಳಕೆಯಲ್ಲಿದೆಯೇ?

ಸ್ಕಾಟ್ಸ್ ನುಡಿಯಲ್ಲಿ ಇದೆ. ‘ತನ್ನ ವಿಯರ್ಡ್ ಡ್ರೀ ಮಾಡು’ ಎಂಬ ಹಳೆಯ ನುಡಿಗಟ್ಟಿದೆ; ಡ್ರೀ ಎಂದರೆ ಸಹಿಸು, ಅನುಭವಿಸು. ಪಡೆದುಬಂದದ್ದನ್ನು ಅನುಭವಿಸಲೇಬೇಕು ಎಂದು ನಮ್ಮಲ್ಲಿ ಹೇಳುವ ಮಾತು ಅದು. ಏಳಿಗೆಯಿಲ್ಲದವನಿಗೆ, ಕೈಗೆ ಬಂದದ್ದನ್ನು ಉಳಿಸಿಕೊಳ್ಳಲಾಗದವನಿಗೆ ಅಲ್ಲಿ ‘ವಿಯರ್ಡ್‌ಲೆಸ್’ ಎನ್ನುತ್ತಾರೆ. ಇಂಗ್ಲಿಷ್ ಮಾತ್ರ ಬಲ್ಲವರು ಆ ಪದವನ್ನು ‘ವಿಚಿತ್ರವೇನೂ ಇಲ್ಲದ, ಮಾಮೂಲಿ ಮನುಷ್ಯ’ ಎಂದು ತಿಳಿಯುವ ಸಂಭವವಿದೆ.

ಕನ್ನಡ ಲಿಪಿಯಲ್ಲಿ ‘ವಿಯರ್ಡ್’ ಎಂದು ಬರೆಯಬೇಕೋ ‘ವೀರ್ಡ್’ ಎಂದೋ?

ಎರಡೂ ರೂಪಗಳು ಕಾಣಸಿಗುತ್ತವೆ. ಬ್ರಿಟಿಷ್ ಉಚ್ಚಾರಣೆಯಲ್ಲಿ ‘ಇ’ಯಿಂದ ಹೊರಟು ‘ಅ’ದತ್ತ ಜಾರುವ ಸಂಯುಕ್ತ ಸ್ವರವಿದ್ದು ರಕಾರ ಬಹುತೇಕ ಕೇಳಿಸುವುದಿಲ್ಲ, ಅಮೆರಿಕದ ಉಚ್ಚಾರಣೆಯಲ್ಲಿ ರಕಾರ ಸ್ಪಷ್ಟವಾಗಿದ್ದು ‘ವೀರ್ಡ್’ ಎಂಬುದಕ್ಕೆ ಹತ್ತಿರವಾಗುತ್ತದೆ. ಬಿಯರ್, ಡಿಯರ್, ಇಯರ್ ಎಂದು ಬರೆಯುವ ರೂಢಿ ಕನ್ನಡದಲ್ಲಿ ಈಗಾಗಲೇ ಇರುವುದರಿಂದ ‘ವಿಯರ್ಡ್’ ಎಂದೇ ಬರೆಯುವುದು ಮೇಲು. ‘ವೈರ್ಡ್’ ಎಂದು ಬರೆಯುವುದು ಮಾತ್ರ ತಪ್ಪು. ಅದು ತಂತಿ ಜೋಡಿಸಿದ್ದು ಎಂಬ ಅರ್ಥದ ಬೇರೆ ಪದ.